ಒಳಗಿನ ಗಾಳಿ

“ಆ ಫ್ಯಾನ್ ಬಂದ್ ಮಾಡವಾ ಸುಜಾತ. ಗಾಳಿ ಅಲ್ಲ ಅದು, ಬೆಂಕಿ ಬೀಸಾಕ ಹತ್ತೇತಿ.”

ಹುಲುಗಮ್ಮ ಹಾಗೆಂದು ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸುಜಾತಾ ಎದ್ದು ಫ್ಯಾನ್ ಆರಿಸಿದಳು. ಮಧ್ಯಾಹ್ನದ ಎರಡು ಗಂಟೆ. ಪಡಸಾಲೆಯ ತಗಡು ಕಾದು ಆಗೊಮ್ಮೆ ಈಗೊಮ್ಮೆ ಟಣ್ ಎನ್ನುತ್ತಿತ್ತು. ಮೂಲೆಯ ಮಡಕೆಯ ನೀರು ಕೂಡ ಬೆಚ್ಚಗಾಗಿತ್ತು. ಅತ್ತೆ ಎಂದಿನಂತೆ ಒಳಕೋಣೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಬಾಗಿಲಿಗೆ ಬೀಗ. ಬೀಗದ ಮೇಲೆ ಅಡ್ಡಲಾಗಿ ಕಟ್ಟಿದ ಜಾಲಿ ಮುಳ್ಳಿನ ಟೊಂಗೆ. ಐದು ತಿಂಗಳಲ್ಲಿ ಅದರ ಎಲೆಗಳೆಲ್ಲ ಉದುರಿ, ಮುಳ್ಳುಗಳಷ್ಟೇ ಬೆಳ್ಳಗೆ ಉಳಿದಿದ್ದವು. ಮುಳ್ಳು ತಾಕದಂತೆ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ಕೂರುವುದು ಹುಲುಗಮ್ಮನಿಗೆ ರೂಢಿಯಾಗಿಬಿಟ್ಟಿತ್ತು.

ಆ ಕೋಣೆಯಲ್ಲೇ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಅವಳ ಮಗ ಕ್ರಾಂತಿಕುಮಾರ್ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. “ಹತ್ತಕ್ಕ ಎಬ್ಬಿಸು” ಎಂದು ಹೆಂಡತಿಗೆ ಹೇಳಿದವನು ಹತ್ತಕ್ಕೆ ಏಳಲಿಲ್ಲ. ಬೊಮ್ಮನಹಳ್ಳಿಯ ಆಂಬುಲೆನ್ಸಿನಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದು, ಯಾರ್ಯಾರದೋ ಎದೆ ಒತ್ತಿ ಉಸಿರು ತಂದವನು. ಗೋಡೆಯ ಈಚೆ ಸುಜಾತಾ ರೊಟ್ಟಿ ಬಡಿಯುತ್ತಿದ್ದಾಗ ಅವನದೇ ಎದೆ ನಿಂತುಹೋಗಿತ್ತು. ಅವನಿಗೆ ಮೂವತ್ತಾರು.

ತೀರಿಕೊಂಡ ನಕ್ಷತ್ರ ಚೆನ್ನಾಗಿಲ್ಲ, ಸತ್ತ ಕೋಣೆಯನ್ನು ಮುಚ್ಚಿ ಮುಳ್ಳು ಹಾಕಬೇಕು ಎಂದು ಹುಲುಗಮ್ಮನ ತಮ್ಮ ಓಬಣ್ಣ ಅರಸೀಕೆರೆಯಲ್ಲಿ ಪಂಚಾಂಗ ಕೇಳಿಕೊಂಡು ಬಂದ. ಅಕ್ಕನನ್ನು ಹಿತ್ತಲಿಗೆ ಕರೆದು ಹೇಳಿದ. ಹುಲುಗಮ್ಮ ಒಳಗೆ ಬಂದು “ಆರು ತಿಂಗಳಂತ” ಎಂದಳು. ಬಾಗಿಲ ಮೇಲೆ ಕ್ರಾಂತಿಯ ಅಪ್ಪ ತನ್ನ ಕಾಲದಲ್ಲಿ ತೂಗುಹಾಕಿದ್ದ ಬುದ್ಧನ ಪಟವಿತ್ತು. ಅದರ ಕೆಳಗೇ ಮುಳ್ಳು ಕಟ್ಟಿದರು. ಕ್ರಾಂತಿ ಬದುಕಿದ್ದು ಬೇರೆಯವರ ಮನೆಯಲ್ಲಿ ಇದನ್ನು ನೋಡಿದ್ದರೆ ನಕ್ಕುಬಿಡುತ್ತಿದ್ದ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಊರ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಸೊಸೆ ಏನಾದರೂ ಅಂದಾಳೆಂದು ನೆರೆದವರು ಅವಳ ಮುಖ ನೋಡಿದರು. ಅವಳು ಏನೂ ಅನ್ನಲಿಲ್ಲ. ದುಃಖಕ್ಕೆ ಬಾಯಿ ಕಟ್ಟಿದೆ ಎಂದುಕೊಂಡು ಹೋದರು.

ಮನೆಯಲ್ಲಿದ್ದ ಒಂದೇ ಎಸಿ ಆ ಕೋಣೆಯಲ್ಲಿತ್ತು.

ಅದನ್ನು ಹಾಕಿಸಿದ್ದು ಮೂರು ವರ್ಷದ ಹಿಂದೆ, ಅತ್ತೆಯ ಸಲುವಾಗಿಯೇ. ಹುಲುಗಮ್ಮ ಆಗ ಹಂಪಸಾಗರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟವಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಸಾರಿನ ಪಾತ್ರೆಯ ಪಕ್ಕದಲ್ಲಿಯೇ ಕುಸಿದುಬಿದ್ದಳು. ಕರೆ ಬಂದಾಗ ಆಂಬುಲೆನ್ಸಿನಲ್ಲಿ ಇದ್ದವನು ಕ್ರಾಂತಿಯೇ. ದಾರಿಯುದ್ದಕ್ಕೂ ಅವಳ ಕಂಕುಳಿಗೆ ಐಸು ಒತ್ತಿಕೊಂಡು ತಂದವನು, ಅವಳು ಮನೆಗೆ ಮರಳುವುದರೊಳಗೆ ಎಸಿ ತಂದು ಗೋಡೆಗೆ ಕೂರಿಸಿದ್ದ.

“ನಾನು ಒಲಿ ಮುಂದ ಬೆಂದ ಹೆಣ್ಣು. ನನಗ್ಯಾಕಲೇ ಇದು? ಕೀಲು ಹಿಡೀತಾವ” ಎಂದು ಹುಲುಗಮ್ಮ ಮೊದಲ ದಿನ ಕೌದಿ ಹೊದ್ದು ಕೂತಿದ್ದಳು.

“ಹಿಡಿದ್ರ ಬಿಡಿಸೋಣಂತ. ಬಿಪಿ ಗುಳಿಗಿ ನುಂಗೋರ ಮೈ ಬಿಸಲು ತಡ್ಯಂಗಿಲ್ಲ ಯವ್ವಾ. ಬಿಸಲು ನಲವತ್ತು ಡಿಗ್ರಿ ದಾಟಿದ ಮ್ಯಾಲೆ ಫ್ಯಾನು ಇದ್ದ ಬಿಸಿನೇ ಮೈಮ್ಯಾಲೆ ತಿರುವತೈತಿ. ದಿನಕ್ಕ ಎರಡು ಮೂರು ತಾಸು ತಂಪಿನಾಗ ಕುಂತಿ ಅಂದ್ರ ಸಾಕು, ಮೈ ತಾನೇ ಸುಧಾರಿಸಿಕೊಳ್ಳತೈತಿ.”

“ಮಂದಿ ನಗತಾರ. ಹುಲುಗಮ್ಮ ಕಲೆಕ್ಟರ್ ಆಗ್ಯಾಳ ಅಂತಾರ.”

“ಅನ್ಲಿ ಬಿಡು. ಕಲೆಕ್ಟರ್ ಆಫೀಸಿನಾಗೂ ಇಷ್ಟು ತಂಪಿರಂಗಿಲ್ಲ.”

ಅವನು ಇಪ್ಪತ್ತಾರಕ್ಕಿಂತ ಕೆಳಗೆ ಇಳಿಸಲು ಬಿಡುತ್ತಿರಲಿಲ್ಲ. ತಂಪಿನಿಂದ ಎದ್ದು ನೇರ ಬಿಸಿಲಿಗೆ ಹೋಗಬಾರದು, ಪಡಸಾಲೆಯಲ್ಲಿ ಹತ್ತು ನಿಮಿಷ ಕೂತು ಹೋಗಬೇಕು ಎನ್ನುತ್ತಿದ್ದ. ಪ್ರತಿ ತಿಂಗಳೂ ಎಸಿಯ ಧೂಳು ಹಿಡಿಯುವ ಜಾಳಿಗೆ ಬಿಚ್ಚಿ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದ. ಇಲ್ಲದಿದ್ದರೆ ಆ ಧೂಳೆಲ್ಲ ಎದೆಗೆ ಸೇರುತ್ತದೆಂದು. ತಂಪು ಸೋರಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಸ್ಪಂಜಿನ ಪಟ್ಟಿ ತುಂಬಿ, ಹೊರಗಿನಿಂದ ಅಗಲದ ಕಂದು ಟೇಪು ಅಂಟಿಸಿದ್ದ. ಬಾಗಿಲ ಕೆಳಗೆ ರಬ್ಬರು ಬಡಿದಿದ್ದ. ಮಾಳಿಗೆಯಂಚಿನಲ್ಲಿ ಕೂರಿಸಿದ್ದ ಎಸಿಯ ಹೊರಗಿನ ಪೆಟ್ಟಿಗೆ ಪಕ್ಕದ ಮಂಜಮ್ಮನ ಅಂಗಳಕ್ಕೆ ಬಿಸಿಗಾಳಿ ಉಗುಳುತ್ತಿತ್ತು. ಅವಳು ಎರಡು ದಿನ ಬೈದು, ಮೂರನೆಯ ದಿನ ಅದರ ಎದುರಿಗೇ ಸಂಡಿಗೆಯ ಮಂಚ ಎಳೆದುಕೊಂಡಳು. “ನಿಮ್ಮ ಮನಿ ಬಿಸಿ ಎಲ್ಲ ನಮಗ ಕೊಡ್ರಿ. ಅರ್ಧ ದಿನಕ್ಕ ಒಣಗತಾವ ಇವು” ಎಂದು ಗೋಡೆಯ ಮೇಲಿಂದ ಒಂದು ತಟ್ಟೆ ಸಂಡಿಗೆ ದಾಟಿಸಿದ್ದಳು. ಮೂರು ಬೇಸಿಗೆ ಹಾಗೆಯೇ ಕಳೆದವು. ಹುಲುಗಮ್ಮನಿಗೆ ಒಂದು ದಿನವೂ ತಲೆ ತಿರುಗಲಿಲ್ಲ.

ಈ ಸಲದ ಮೇ ತಿಂಗಳು ಮೊದಲ ವಾರದಲ್ಲೇ ನಲವತ್ತೆರಡು ಮುಟ್ಟಿತು. ಹೊಳೆಯ ನೀರು ದೂರ ಸರಿದು, ಅಲ್ಲಿಂದ ಬರುವ ಗಾಳಿಯಲ್ಲಿಯೂ ಹಸಿ ಇರಲಿಲ್ಲ. ಮಂಜಮ್ಮ ಗೋಡೆಯ ಮೇಲಿಂದ ದಿನಾ ಕೇಳುತ್ತಿದ್ದಳು.

“ಹುಲುಗಕ್ಕಾ, ಆ ಮುಳ್ಳು ಕಿತ್ತು ಒಗದು ಒಳಗ ಹೋಗಿ ಮಕ್ಕೋ. ಸತ್ತಾಂವ ನಿನ್ನ ಮಗ, ಭೂತ ಅಲ್ಲ.”

“ಇನ್ನೊಂದು ತಿಂಗಳು ಐತಿ. ನಡಬರಕ ತಗೀಬಾರದು.”

“ತಿಂಗಳ ಮಟ ನೀನು ಉಳದ್ರ ಐತಿ.”

“ನನ್ನನ್ನೂ ಸಂಡಿಗಿ ಮಾಡಿ ಒಣಗಿಸಿ ಬಿಡು ನೀನು” ಎಂದು ಹುಲುಗಮ್ಮ ನಗದೆ ಹೇಳುತ್ತಿದ್ದಳು.

ಸುಜಾತಾ ಈ ಮಾತುಗಳ ನಡುವೆ ಬರುತ್ತಿರಲಿಲ್ಲ. ಅವಳಿಗೆ ನಕ್ಷತ್ರದಲ್ಲಿ ನಂಬಿಕೆ ಇರಲಿಲ್ಲ. ಆದರೆ ಆ ಬಾಗಿಲು ಮುಚ್ಚಿರುವಷ್ಟು ದಿನ ಹಾಸಿಗೆಯ ಎಡಬದಿ ಹೇಗಿತ್ತೋ ಹಾಗೇ ಇರುತ್ತದೆ, ದಿಂಬಿನ ತಗ್ಗು ಹಾಗೇ ಇರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವನು ತಂಪಿಗೆಂದು ಬಿಗಿ ಮಾಡಿದ ಕೋಣೆ. ಅವನು ಕೊನೆಗೆ ಉಸಿರಾಡಿ ಬಿಟ್ಟ ಗಾಳಿ ಅದರೊಳಗೇ ಇರಬೇಕು. ಬಿಸಿಲಿಗೆ ಕಿಟಕಿಯ ಟೇಪು ಮೂಲೆಯಲ್ಲಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಸಂಜೆ ಹಿತ್ತಲಿಗೆ ಬಟ್ಟೆ ತರಲು ಹೋದಾಗ ಅವಳು ಅಲ್ಲಿ ನಿಂತು, ಹೆಬ್ಬೆರಳಿನಿಂದ ಅದನ್ನು ಮತ್ತೆ ಗೋಡೆಗೆ ಒತ್ತಿ ಬರುತ್ತಿದ್ದಳು. ಇದನ್ನು ಯಾರೂ ನೋಡಿರಲಿಲ್ಲ.

ಎರಡನೆಯ ವಾರ ಓಬಣ್ಣ ಅರಸೀಕೆರೆಯಿಂದ ಬಸ್ಸು ಬದಲಿಸಿಕೊಂಡು ಬಂದ. ಒಂದು ಚೀಲ ಸೌತೆಕಾಯಿ, ಬಾಟಲಿಯಲ್ಲಿ ಮಜ್ಜಿಗೆ ತಂದಿದ್ದ. ಅಕ್ಕನ ಕೂಡ ಹೊತ್ತು ಕಳೆದು, ಅವಳಿಗೆ ಜೊಂಪು ಹತ್ತಿದ ಮೇಲೆ ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ದನಿ ತಗ್ಗಿಸಿದ.

“ಅಲ್ಲ ಯವ್ವಾ, ಇನ್ನಾ ಮುಳ್ಳು ತಗದಿಲ್ಲಲ್ಲ? ಮಾರ್ಚಿಗೇ ಮುಗೀತಲ್ಲ ಅದು.”

“ಜೂನ್ ಅಲ್ಲೇನ್ರಿ ಮಾವ? ಆರು ತಿಂಗಳಂದ್ರು ಅತ್ತಿ.”

“ಆರು ಯಾರಂದ್ರು? ಕೇಳಿಕೊಂಡು ಬಂದಾಂವ ನಾನು. ಮೂರು. ಅಕ್ಕ ಆ ದಿನ ಯಾವ ಗ್ಯಾನದಾಗ ಇದ್ದಳೋ ಏನೋ.” ಅವನು ಬಿಸಿಲಿಗೆ ಟವೆಲು ತಲೆಗೆ ಸುತ್ತಿಕೊಂಡ. “ತಗದು ಬಿಡ್ರಿ. ಹಾಸಿಗಿ ಬಿಸಲಿಗೆ ಹಾಕಿ, ಒಂದೀಟು ಗೋಮೂತ್ರ ಚಿಮುಕಿಸಿ, ಅಕ್ಕನ್ನ ಒಳಗ ಮಲಗಿಸು. ಭಾಳ ಇಳದಾಳ ಅಕಿ.”

“ಹೂಂ ರಿ” ಎಂದಳು ಸುಜಾತಾ.

ಬಸ್ಸಿನ ಸದ್ದು ಕೇಳಿ ಅಡಗುವವರೆಗೂ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಬೀಗದ ಕೈ ಅತ್ತೆಯ ಎಲೆಯಡಿಕೆ ಚೀಲದಲ್ಲಿ ಇರುತ್ತಿತ್ತು. ಎದ್ದ ಮೇಲೆ ಕೇಳೋಣವೆಂದುಕೊಂಡಳು. ಹುಲುಗಮ್ಮ ಎದ್ದಳು, ಸೌತೆಕಾಯಿ ತಿಂದಳು, ಸುಜಾತಾ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಲಿಲ್ಲ. ಅತ್ತೆ ಸಿಟ್ಟು ಮಾಡಿಯಾಳೆಂಬ ಭಯ ಅವಳಿಗಿರಲಿಲ್ಲ. ಕೇಳಿದರೆ ಕೊಟ್ಟುಬಿಟ್ಟಾಳು ಎಂಬುದೇ ಅವಳ ಭಯವಾಗಿತ್ತು. ಮರುದಿನ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಕಡತಕ್ಕೆ ಹೊಲಿಯುತ್ತ, ಇನ್ನೆರಡು ದಿನಕ್ಕೆ ಮಳೆ ಎಂದು ಬರೆದಿದ್ದನ್ನು ಎರಡು ಸಲ ಓದಿದಳು. ಮಳೆ ಬಂದರೆ ತೆಗೆಯುವುದೇ ಬೇಡ ಎಂದುಕೊಂಡಳು.

ಮಳೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಂದೂವರೆಗೆ ಅವಳು ಗ್ರಂಥಾಲಯದಿಂದ ಮನೆಗೆ ಬಂದಾಗ ಅತ್ತೆ ಬಾಗಿಲಿನ ಬುಡದಲ್ಲಿ ಮಗ್ಗುಲಾಗಿ ಬಿದ್ದುಕೊಂಡು ಮಾತಾಡುತ್ತಿದ್ದಳು.

“ಸಾಲಾಗಿ ಕುಂದರ್ರಿ. ಎಲ್ಲಾರಿಗೂ ಐತಿ. ಲೇ, ತಾಟು ಮುಂದ ಹಿಡಿ, ಕೈ ಸುಡತೈತಿ.”

“ಅತ್ತಿ.”

“ಸಾರು ಬಿಸಿ ಐತಿ, ಊದಿ ಉಣ್ರಿ.”

ಸುಜಾತಾ ಹಣೆ ಮುಟ್ಟಿದಳು. ಒಲೆಯಿಂದ ಇಳಿಸಿದ ಹಂಚಿನಂತಿತ್ತು. ಬೆವರಿನ ಹನಿಯಿಲ್ಲ. ಬೆಳಿಗ್ಗೆ ತೋಯಿಸಿ ಕೊಟ್ಟಿದ್ದ ಸೆರಗು ಒಣಗಿ ಗರಿಗರಿಯಾಗಿತ್ತು. ಅವಳು ಕ್ರಾಂತಿಯ ಜೊತೆ ಕೆಲಸ ಮಾಡುತ್ತಿದ್ದ ಆಂಬುಲೆನ್ಸ್ ಚಾಲಕ ಬೀರಲಿಂಗೇಶನಿಗೆ ಫೋನ್ ಹಚ್ಚಿದಳು.

“ಅಕ್ಕಾ, ನಾವು ಹಡಗಲಿ ರೋಡಿನಾಗ ಅದೀವಿ, ಪೇಷಂಟ್ ಒಳಗ ಅದಾರ. ನಿಮ್ಮೂರಿಗೆ ಬರಾಕ ಒಂದು ತಾಸು ಆಕೈತಿ. ಬೆವರು ಬರಾಕ ಹತ್ತೇತೇನು ನೋಡ್ರಿ.”

“ಇಲ್ಲ. ಒಣಗೈತಿ ಮೈ. ಸಾಲಿ ಹುಡುಗ್ರ ಕೂಡ ಮಾತಾಡಾಕ ಹತ್ಯಾರ.”

“ಹಂಗಾರ ನಮ್ಮ ದಾರಿ ನೋಡಬ್ಯಾಡ್ರಿ. ಆಟೊದಾಗ ಹಾಕ್ಕೊಂಡು ಬಿಸಲಾಗೂ ಬರಬ್ಯಾಡ್ರಿ. ಮೈತುಂಬ ನೀರು ಸುರೀರಿ, ಬಾಯಾಗ ಹಾಕಬ್ಯಾಡ್ರಿ, ನೆತ್ತಿಗೇರತೈತಿ. ಎಸಿ ಹಚ್ಚಿ ಒಳಗ ಮಲಗಸ್ರಿ. ಅಣ್ಣ ಹೇಳತಿದ್ನಲ್ಲ, ಮದಲು ಮೈ ಇಳೀಬೇಕು, ದವಾಖಾನಿ ಆಮ್ಯಾಲೆ ಅಂತ. ಎಸಿ ನಡೀತೈತಲ್ಲ ಅಕ್ಕಾ?”

“ನಡೀತೈತಿ” ಎಂದಳು ಸುಜಾತಾ.

ಅವಳು ಅತ್ತೆಯ ಸೊಂಟದಿಂದ ಚೀಲ ಬಿಚ್ಚಿದಳು. ಅಡಿಕೆ ಚೂರು, ಸುಣ್ಣದ ಡಬ್ಬಿ, ಮಗನ ಒಂದು ಪಾಸ್‌ಪೋರ್ಟ್ ಫೋಟೊ, ಅದರ ಹಿಂದೆ ಬೀಗದ ಕೈ. ಟೊಂಗೆಗೆ ಕಟ್ಟಿದ್ದ ದಾರ ಕಾವಿಗೆ ಜೀರ್ಣವಾಗಿ ಒಂದೇ ಎಳೆತಕ್ಕೆ ಹರಿಯಿತು. ಮುಳ್ಳು ಅಂಗೈಯಲ್ಲಿ ಮುರಿದುಕೊಂಡಿತು. ಅವಳಿಗೆ ಅದು ಗೊತ್ತಾಗಿದ್ದು ಬಹಳ ಹೊತ್ತಿನ ಮೇಲೆ. ಬೀಗ ತೆಗೆದು ತಳ್ಳಿದಾಗ ಕೆಳಗಿನ ರಬ್ಬರು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಒಳಗಿನ ಗಾಳಿ ಒಮ್ಮೆಗೇ ಅವಳ ಮುಖದ ಮೇಲೆ ಬಂದು, ಅವಳನ್ನು ದಾಟಿ ಪಡಸಾಲೆಗೆ ಹೋಯಿತು. ಅದರಲ್ಲಿ ಏನಿತ್ತು ಎಂದು ನಿಂತು ನೋಡುವಷ್ಟು ಹೊತ್ತು ಅವಳಿಗಿರಲಿಲ್ಲ.

“ಮಂಜಕ್ಕಾ” ಎಂದು ಕೂಗಿದಳು. ಮಂಜಮ್ಮ ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. ಇಬ್ಬರೂ ಸೇರಿ ಹುಲುಗಮ್ಮನನ್ನು ಚಾಪೆಯ ಸಮೇತ ಒಳಗೆ ಎಳೆದರು. ಮಂಜಮ್ಮ ಕೊಡಗಟ್ಟಲೆ ನೀರು ತಂದು ಸೀರೆಯ ಮೇಲೆ ಸುರಿದಳು. ಸುಜಾತಾ ಹಾಸಿಗೆಯ ಮೇಲೆ ಹತ್ತಿ ನಿಂತಳು. ಅವನ ಬದಿಯ ಮೇಲೆಯೇ ಕಾಲಿಟ್ಟಿದ್ದಳು. ಎಸಿಗೆ ಅವನು ಅಕ್ಟೋಬರಿನಲ್ಲಿ ಜಾಳಿಗೆ ತೊಳೆದು, ಹಳೆಯ ಬೆಡ್‌ಶೀಟು ಸುತ್ತಿ, ನಾಲ್ಕು ಮೂಲೆಗೂ ಗಂಟು ಹಾಕಿದ್ದ. ಆಂಬುಲೆನ್ಸಿನಲ್ಲಿ ಬ್ಯಾಂಡೇಜು ಕಟ್ಟುವಾಗಿನ ಗಂಟು. ಅವಳಿಗೆ ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು.

ಗುಂಡಿ ಒತ್ತಿದಾಗ ಸ್ಟೆಬಿಲೈಜರಿನ ಹಳದಿ ದೀಪ ಹತ್ತಿತು. ಅದು ಹಸಿರಾಗಲು ಮೂರು ನಿಮಿಷ ಬೇಕು ಎಂದು ಅವನು ಹೇಳುತ್ತಿದ್ದ. ಆ ಮೂರು ನಿಮಿಷ ಸುಜಾತಾ ಅತ್ತೆಯ ಒದ್ದೆ ಮೈಗೆ ರಟ್ಟಿನಿಂದ ಬೀಸಿದಳು. ಹುಲುಗಮ್ಮ ಕಣ್ಣು ಅರೆ ತೆರೆದು “ಕ್ರಾಂತಿ, ಊಟ ಆತೇನಲೇ?” ಎಂದಳು. ಮಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಟಕ್ ಎಂದು ಸದ್ದಾಯಿತು. ಹೊರಗೆ ಮಾಳಿಗೆಯಂಚಿನಲ್ಲಿ ಪೆಟ್ಟಿಗೆ ಗುರುಗುಟ್ಟಿ ತಿರುಗತೊಡಗಿತು.

ಬೀರಲಿಂಗೇಶ್ ಬರುವಷ್ಟರಲ್ಲಿ ಹುಲುಗಮ್ಮನ ಮೈಯ ಬಿಸಿ ಇಳಿದಿತ್ತು, ಕರೆದರೆ ಓಗೊಡುತ್ತಿದ್ದಳು. ಹೊಸ ನರ್ಸ್ ಸಲೈನು ಹಚ್ಚಿ, ಉಷ್ಣಮಾಪಕ ನೋಡಿ, ಇನ್ನರ್ಧ ತಾಸು ಆ ಕಾವಿನಲ್ಲೇ ಇದ್ದಿದ್ದರೆ ಕಷ್ಟವಿತ್ತು ಎಂದ. ಬೀರಲಿಂಗೇಶ್ ಕೋಣೆಯ ಒಳಗೆ ಬರಲಿಲ್ಲ. ಹೊಸ್ತಿಲಲ್ಲಿ ಬಿದ್ದಿದ್ದ ಮುಳ್ಳಿನ ಟೊಂಗೆಯನ್ನು ನೋಡಿದ, ಬಗ್ಗಿ ಎತ್ತಿ ಗೋಡೆಗೆ ಒರಗಿಸಿಟ್ಟ.

“ಮೂರು ದಿನದ ಹಿಂದೇ ತಗೀಬಹುದಿತ್ತು ಬೀರಣ್ಣ” ಎಂದಳು ಸುಜಾತಾ. ಅವನು ಏನೆಂದು ತಿಳಿಯದೆ ತಲೆಯಾಡಿಸಿದ.

ಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಹುಲುಗಮ್ಮನ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಮಾತು ನಿಧಾನವಾಗಿತ್ತು. ಸುಜಾತಾ ಅವಳನ್ನು ಒಳಕೋಣೆಯ ಹಾಸಿಗೆಯ ಬಲಬದಿಯಲ್ಲಿ ಮಲಗಿಸಿದಳು. ಎಸಿ ಇಪ್ಪತ್ತಾರಕ್ಕಿಟ್ಟು, ಕೌದಿಯನ್ನು ಸೊಂಟದವರೆಗೆ ಹೊದಿಸಿದಳು. ಗೋಡೆಯಾಚೆಯಿಂದ ಮಂಜಮ್ಮನ ದನಿ ಬಂತು.

“ಸುಜಾತವ್ವಾ, ಮಷಿನ್ ಹತ್ತಿತಲ್ಲ. ಬಂದ್ಲೇನು ಹುಲುಗಕ್ಕ?”

“ಬಂದಾರ.”

“ಉಳದ್ಲು ಮುದುಕಿ. ನನ್ನ ಸಂಡಿಗಿ ತಿಂದೇ ಹೋಗಾಕಿ.”

ಹುಲುಗಮ್ಮನ ತುಟಿ ಸ್ವಲ್ಪ ಅಲುಗಿತು. ಆಮೇಲೆ ಸುಜಾತಾಳ ಕಡೆ ತಿರುಗದೆಯೇ ಹೇಳಿದಳು.

“ಓಬಣ್ಣ ಮೂರು ತಿಂಗಳು ಅಂದಿದ್ದ. ಆರು ಅಂದಾಕಿ ನಾನು.”

“ಗೊತ್ತೈತ್ರಿ ಅತ್ತಿ.”

“ಯಾವಾಗ ಗೊತ್ತಾತು?”

“ಓಬಣ್ಣ ಮಾವ ಬಂದಿದ್ರಲ್ಲ, ಆವಾಗ.”

ಹುಲುಗಮ್ಮ ಬೆರಳು ಮಡಚಿ ದಿನ ಎಣಿಸಿದಳು. ಮತ್ತೆ ಯಾಕೆ ತೆಗೆಯಲಿಲ್ಲ ಎಂದು ಕೇಳಲಿಲ್ಲ. ಸೊಸೆಯ ಅಂಗೈಯನ್ನು ಎಳೆದುಕೊಂಡು, ಮುಳ್ಳು ಮುರಿದಲ್ಲಿ ಇನ್ನೂ ಕಪ್ಪಗಿದ್ದ ಚುಕ್ಕೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

“ಬಿಗಿ ಮಾಡಿದ್ನಲ್ಲವಾ ಕೋಣೀನ. ಅವನ ಉಸಿರು ಎಲ್ಲಿ ಹೋಗತೈತಿ, ಒಳಗೇ ಇರತೈತಿ ಅಂತ ಬಾಗಲ ಕಾಯಕೋತ ಕುಂತೆ. ನಾನೇ ಬಿದ್ದು ತಗಿಸಿದೆ.”

ಎಸಿಯ ರೆಕ್ಕೆ ಮೇಲೆ ಕೆಳಗೆ ಆಡುತ್ತಿತ್ತು.

“ಇದು ಹೊರಗಿನ ಗಾಳಿ ಒಳಗ ತರತೈತೇನು?” ಹುಲುಗಮ್ಮ ಕೇಳಿದಳು.

“ಇಲ್ಲರಿ. ಒಳಗಿನ ಗಾಳೀನೇ ತಿರುಗಿ ತಿರುಗಿ ತಂಪು ಮಾಡತೈತಿ. ಅವರೇ ಹೇಳತಿದ್ರು.”

“ಒಳಗಿಂದೇ?”

“ಒಳಗಿಂದೇ.”

ಹುಲುಗಮ್ಮ ಎದೆ ತುಂಬ ಉಸಿರು ಎಳೆದುಕೊಂಡಳು. ಅದನ್ನು ಬಿಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು. “ಬಾಗಲ ಮುಂದ ಮಾಡಿ ಹೋಗು” ಎಂದಳು.

ಸುಜಾತಾ ರಬ್ಬರು ನೆಲಕ್ಕೆ ಕೂರುವಂತೆ ಬಾಗಿಲು ಎಳೆದುಕೊಂಡು, ಅವನು ಹೇಳುತ್ತಿದ್ದಂತೆ ಪಡಸಾಲೆಯಲ್ಲಿ ಹತ್ತು ನಿಮಿಷ ಕೂತಳು. ಆಮೇಲೆ ಹಿತ್ತಲಿಗೆ ಹೋದಳು. ಕಿಟಕಿಯ ಟೇಪು ಮತ್ತೆ ಮೂಲೆ ಬಿಚ್ಚಿತ್ತು. ಗೋಡೆಯಿಂದ ಇಳಿದ ಎಸಿಯ ಸಣ್ಣ ಪೈಪಿನ ಬಾಯಲ್ಲಿ ನೀರಿನ ಹನಿ ತುಂಬಿ ತುಂಬಿ ಬೀಳುತ್ತಿತ್ತು. ಕೆಳಗೆ ಅವನು ಇಟ್ಟಿದ್ದ ಬಣ್ಣದ ಡಬ್ಬಿ. ಅದರ ತಳದ ಒಣ ಮಣ್ಣು ಆಗಲೇ ತೋಯ್ದು, ಮೇಲೆ ಎರಡು ಬೆರಳು ನೀರು ನಿಂತಿತ್ತು. ಕೋಣೆಯೊಳಗಿನ ಗಾಳಿಯಲ್ಲಿರುವ ಹಸಿಯೇ ಹೀಗೆ ನೀರಾಗಿ ಇಳಿಯುತ್ತದೆ ಎಂದು ಅವನು ಒಮ್ಮೆ ಇಲ್ಲೇ ಕುಕ್ಕರಗಾಲಲ್ಲಿ ಕೂತು ತೋರಿಸಿದ್ದ.

ಅವಳು ಒಳಗಿನಿಂದ ಒಂದು ಚೊಂಬು ತಂದು ಪೈಪಿನ ಕೆಳಗಿಟ್ಟಳು. ಡಬ್ಬಿಯನ್ನು ತುಳುಕದಂತೆ ಎರಡೂ ಕೈಯಲ್ಲಿ ಎತ್ತಿ ಗೋಡೆಯ ನೆರಳಿಗೆ ತಂದಿರಿಸಿದಳು. ಈ ಬಿಸಿಲಿಗೆ ಸಂಜೆಯೊಳಗೆ ಆರಿಹೋದೀತು. ಒಂದು ತಟ್ಟೆ ಹುಡುಕಿ ತಂದು ಅದರ ಬಾಯಿ ಮುಚ್ಚಿ, ತಟ್ಟೆಯ ಮೇಲೆ ಕಲ್ಲು ಹೇರಿದಳು.